ವರ್ಷಕ್ಕೊಂದು ಹೂಂ

ಮನೆ ಮಾಲೀಕರು ಬಾಗಿಲಲ್ಲಿ ನಿಂತು ಕೆಮ್ಮಿದ ರೀತಿಯಿಂದಲೇ ಕನ್ನಡಕದಮ್ಮನಿಗೆ ಗೊತ್ತಾಯಿತು, ಇದು ಶೀತದ ಕೆಮ್ಮಲ್ಲವೆಂದು. ಶೀತವಾದವರು ಸೀದಾ ಒಳಗೆ ಬಂದು ಕುರ್ಚಿಯಲ್ಲಿ ಕೂತು ಬಿಸಿ ಟೀ ಕೇಳುತ್ತಾರೆ. ಇವರು ಹೊಸಿಲಿನಾಚೆಯೇ ನಿಂತು, ತಮ್ಮದೇ ಮನೆಯ ಗೋಡೆಯನ್ನು ಇವತ್ತೇ ಮೊದಲ ಸಲ ಕಂಡವರಂತೆ ನೋಡುತ್ತಿದ್ದರು.

“ನೋಡಮ್ಮ, ಬೇಜಾರು ಮಾಡ್ಕೋಬೇಡ,” ಎಂದರು.

ಬೇಜಾರು ಮಾಡ್ಕೋಬೇಡ ಎಂದು ಶುರುವಾದ ಮಾತು ಒಳ್ಳೆಯದರಲ್ಲಿ ಮುಗಿದದ್ದನ್ನು ಯಾರಾದರೂ ಕಂಡಿದ್ದರೆ ಹೇಳಲಿ. ಇದೂ ಹಾಗೆ ಮುಗಿಯಲಿಲ್ಲ.

“ನಾನು ಮನೆ ಕೊಟ್ಟಿದ್ದು ಡ್ರೈವರ್‌ಗೆ. ಪತ್ರ ಇರೋದೂ ಅವನ ಹೆಸರಲ್ಲೇ. ಪಾಪ, ಅವನು ಹೋದ. ಇನ್ನು ನೀನು... ತಪ್ಪು ತಿಳ್ಕೋಬೇಡ, ಒಳ್ಳೆ ಹೆಂಗಸು ನೀನು, ನನ್ನ ಕನ್ನಡಕಾನೂ ನೀನೇ ಮಾಡಿದ್ದು. ಆದ್ರೆ ಕಾನೂನಿನ ಲೆಕ್ಕದಲ್ಲಿ ನೀನು ಅವನಿಗೆ ಯಾರೂ ಅಲ್ವಲ್ಲ? ನನ್ನ ಮಗ ಬೇರೆ ಮನೆ ಮಾಡ್ಬೇಕು ಅಂತ ಒಂದೇ ಸಮ ಪೀಡಿಸ್ತಿದಾನೆ.”

ಅವಳು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚಿದಳು. ಬಿಚ್ಚಿದಳು. ಮತ್ತೆ ಮಡಚಿದಳು. ಮಾಲೀಕರ ಕನ್ನಡಕ ಎಡಗಡೆಗೆ ವಾಲಿತ್ತು. ಬೇರೆ ದಿನವಾಗಿದ್ದರೆ ಅಲ್ಲೇ ಕಸಿದುಕೊಂಡು ಸರಿ ಮಾಡಿ ಮೂಗಿನ ಮೇಲೆ ಕೂರಿಸುತ್ತಿದ್ದಳು. ಇವತ್ತು ವಾಲಿಕೊಂಡೇ ಇರಲಿ ಎಂದುಕೊಂಡಳು.

“ಯಾರೂ ಅಲ್ಲ ಅಂದ್ರೆ ಈ ಹದಿನಾರು ವರ್ಷ ನಿಮಗೆ ಟೀ ಮಾಡಿಕೊಟ್ಟಿದ್ದು ಯಾರು ಸಾರ್?” ಎಂದಷ್ಟೇ ಕೇಳಿದಳು. ಮಾಲೀಕರು ಮತ್ತೊಮ್ಮೆ ಕೆಮ್ಮಿ, ಬಾಡಿಗೆ ತಕರಾರು ಕಚೇರಿಗೆ ಅರ್ಜಿ ಹಾಕಿದ್ದೇನೆಂದು ಹೇಳಿ, ಮೆಟ್ಟಿಲಿಳಿದು ಹೋದರು.

ಕನ್ನಡಕದಮ್ಮ ಎನ್ನುವುದು ಬೀದಿಯವರು ಇಟ್ಟ ಹೆಸರು. ಮೂಲೆಯಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಆ ಬೀದಿಯ ಅರ್ಧ ಜನ ಲೋಕವನ್ನು ನೋಡುತ್ತಿದ್ದುದೇ ಅವಳು ಉಜ್ಜಿದ ಗಾಜಿನ ಮೂಲಕ. ಡ್ರೈವರ್ ಅವಳ ಕಣ್ಣಿಗೆ ಬಿದ್ದದ್ದೂ ಅಲ್ಲಿಯೇ. ಊರ ಬಸ್ಸು ಓಡಿಸುತ್ತಿದ್ದ ಅವನು ಒಂದು ದಿನ, ಕನ್ನಡಕದ ಮೇಲೆ ಕೂತುಬಿಟ್ಟೆ ಎಂದು ಮುರಿದ ಫ್ರೇಮ್ ಹಿಡಿದುಕೊಂಡು ಬಂದ. ಅವಳು ರಿಪೇರಿ ಮಾಡಿಕೊಟ್ಟಳು. ಮುಂದಿನ ವಾರ ಮತ್ತೆ ಕೂತಿದ್ದ. ಅದರ ಮುಂದಿನ ವಾರವೂ ಕೂತ. “ಬಸ್ಸಲ್ಲಿ ಸೀಟಿಲ್ವೇನ್ರೀ ನಿಮಗೆ?” ಎಂದು ಅವಳು ಕೇಳಿದಾಗ ಆ ದೊಡ್ಡ ಆಳು ಕಿವಿಯವರೆಗೂ ಕೆಂಪಾದ. ಆಮೇಲೆ ಕನ್ನಡಕ ಮುರಿಯುವುದು ನಿಂತಿತು, ಅಂಗಡಿಗೆ ಬರುವುದು ನಿಲ್ಲಲಿಲ್ಲ.

ಒಟ್ಟಿಗೆ ಮನೆ ಮಾಡೋಣ ಎಂಬ ಮಾತು ಬಂದಾಗ ಅವನು ಮದುವೆಗೂ ತಯಾರಿದ್ದ. ಬೇಡವೆಂದವಳು ಅವಳೇ. ಅದಕ್ಕೆ ದೊಡ್ಡ ಸಿದ್ಧಾಂತವೇನೂ ಇರಲಿಲ್ಲ, ಅವಳ ಅಕ್ಕ ಇದ್ದಳು. ಅಕ್ಕನನ್ನು ಭಾವ ಮದುವೆಗೆ ಮುಂಚೆ ಒಂದು ಸಲ “ನನ್ನ ಜೊತೆ ಇರ್ತೀಯಾ?” ಎಂದು ಕೇಳಿದ್ದರಂತೆ. ಆಮೇಲೆ ಅವರು ಅವಳನ್ನು ಕೇಳಿದ್ದು ಉಪ್ಪೆಲ್ಲಿ, ಸಾಕ್ಸೆಲ್ಲಿ, ಬೀಗದ ಕೈ ಎಲ್ಲಿ, ಇಷ್ಟೇ. ಭಾವ ಕೆಟ್ಟವರಲ್ಲ, ಕೇಳುವ ಕೆಲಸ ಮುಗಿಯಿತು ಎಂದುಕೊಂಡಿದ್ದರು ಅಷ್ಟೆ.

“ಮದುವೆ ಆದ್ರೆ ಕೇಳೋದು ನಿಂತುಹೋಗುತ್ತೆ,” ಎಂದಳು ಕನ್ನಡಕದಮ್ಮ. “ನನ್ನನ್ನ ಪ್ರತಿ ವರ್ಷ ಕೇಳ್ಬೇಕು. ನಾನು ಪ್ರತಿ ವರ್ಷ ಹೇಳ್ತೀನಿ.”

“ಬಸ್ ಪಾಸ್ ಥರ?” ಎಂದ ಅವನು.

“ಹೂಂ, ಅದೇ ಥರ.”

ಹೀಗೆ ಶುರುವಾಯಿತು ಅವರ ವರ್ಷದ ಕರಾರು. ಈ ಮನೆಗೆ ಸಾಮಾನು ತಂದ ದಿನವೇ ಕರಾರಿನ ದಿನ. ಪ್ರತಿ ವರ್ಷ ಆ ದಿನ ಬೆಳಿಗ್ಗೆ ಅವನು ಯೂನಿಫಾರ್ಮ್ ಹಾಕಿಕೊಂಡು, ತಲೆ ಬಾಚಿ, ಅಡುಗೆಮನೆಯ ಬಾಗಿಲಲ್ಲಿ ನೆಟ್ಟಗೆ ನಿಂತು, “ಮೇಡಂ, ಇನ್ನೊಂದು ವರ್ಷ ಇರೋಣ್ವಾ?” ಎಂದು ಕೇಳುವನು. ಅವಳು ಷರತ್ತು ಹೇಳುವಳು. ಒದ್ದೆ ಟವೆಲ್ ಹಾಸಿಗೆ ಮೇಲೆ ಬಿಸಾಡಬಾರದು. ಬಂದವರ ಮುಂದೆ ನಾನು ಹೊಸ ಫ್ರೇಮನ್ನೆಲ್ಲ ನಿನ್ನ ಮುಖಕ್ಕೆ ಹಾಕಿ ನೋಡಿದರೆ ಗೊಣಗಬಾರದು. ಅವನೂ ಷರತ್ತು ಹೇಳುವನು. ನಾನು ರಜೆಯ ದಿನ ಮಲಗಿದ್ದಾಗ ಪಕ್ಕದಲ್ಲಿ ಕೂತು ನಿಟ್ಟುಸಿರು ಬಿಟ್ಟು ಎಬ್ಬಿಸಬಾರದು. ಕೊನೆಗೆ ಅವಳು “ಹೂಂ” ಎನ್ನುವಳು, ಅವನು “ಸಹಿ ಬಿತ್ತು” ಎಂದು ಗಾಳಿಯಲ್ಲಿ ಬೆರಳಿಂದ ಗೀಚುವನು. ಷರತ್ತುಗಳನ್ನು ಇಬ್ಬರೂ ವಾರದೊಳಗೆ ಗಾಳಿಗೆ ತೂರುತ್ತಿದ್ದರು.

ಒಂದು ಷರತ್ತು ಮಾತ್ರ ಪ್ರತಿ ವರ್ಷವೂ ಇರುತ್ತಿತ್ತು. ಅಡುಗೆಮನೆಯ ಕಿಟಕಿ. ಅದರ ಕೀಲು ಸಡಿಲವಾಗಿ, ಬಾಗಿಲು ಜೋತುಬಿದ್ದು, ಎಷ್ಟು ಎಳೆದರೂ ಪೂರ್ತಿ ಮುಚ್ಚುತ್ತಿರಲಿಲ್ಲ. ಮಳೆ ಬಂದರೆ ಒಳಗೆ, ಮಾತಾಡಿದರೆ ಹೊರಗೆ. “ಈ ವರ್ಷ ಸರಿ ಮಾಡ್ತೀನಿ,” ಎಂದು ಅವನು ಪ್ರತಿ ವರ್ಷ ಹೇಳುವನು. ಇಡೀ ಊರನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತಿದ್ದ ಆ ಪುಣ್ಯಾತ್ಮನಿಗೆ ನಾಲ್ಕು ಮೊಳೆ ಹೊಡೆಯಲು ಹೊತ್ತು ಕೂಡಿ ಬರಲೇ ಇಲ್ಲ.

ಆ ಕಿಟಕಿಯ ನೇರ ಕೆಳಗಿನ ಕಿಟಕಿ ಹೆಡ್ಮಿಸ್‌ದು. ಶಾಲೆಯಿಂದ ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಅವರು ಇಡೀ ಬೀದಿಗೆ ಹೆಡ್ಮಿಸ್ಸೇ. ಒಂಟಿ ಜೀವ, ಹದ್ದಿನ ಕಿವಿ. ಮೇಲಿನವರ ದನಿ ಸ್ವಲ್ಪ ಏರಿದರೆ ಸಾಕು, ಉದ್ದ ಪೊರಕೆಯ ಕೋಲಿನಿಂದ ಸೂರಿಗೆ ಧಡ್ ಧಡ್ ಎಂದು ಬಡಿಯುತ್ತಿದ್ದರು. ಮೆಟ್ಟಿಲಲ್ಲಿ ಸಿಕ್ಕರೆ ಮುಖ ಸಿಂಡರಿಸಿ, “ಇದು ಮನೆಯೋ ಆಟದ ಮೈದಾನವೋ?” ಎನ್ನುತ್ತಿದ್ದರು. ಮಾಲೀಕರ ಬಳಿ ದೂರು ಹೇಳಿ ಹೇಳಿ ಅವರ ಬಾಯಿ ನೋಯಬೇಕಿತ್ತು, ನೋಯಲಿಲ್ಲ.

ಕೊನೆಯ ವರ್ಷ ಏನಾಯಿತೆಂದರೆ, ಕರಾರಿನ ಹಿಂದಿನ ರಾತ್ರಿ ಮಳೆ ಸುರಿದು ಅಡುಗೆಮನೆಯೆಲ್ಲ ನೀರಾಗಿತ್ತು. ಅವಳು ಬೆಳಿಗ್ಗೆ ಎದ್ದು ನೆಲ ಬಳಿಯುತ್ತಿದ್ದಾಗ ಅವನು ಯೂನಿಫಾರ್ಮಿನಲ್ಲಿ ಬಾಗಿಲಿಗೆ ಬಂದು, ನಗುತ್ತಾ, “ಮೇಡಂ, ಇನ್ನೊಂದು ವರ್ಷ ಇರೋಣ್ವಾ?” ಎಂದ. ಅವಳ ಪಿತ್ತ ನೆತ್ತಿಗೇರಿತು. ಬಟ್ಟೆಯನ್ನು ಬಕೆಟ್ಟಿಗೆ ಎಸೆದು, ಅವನ ಪಕ್ಕದಿಂದ ಹಾದು, ಒಂದೂ ಮಾತಾಡದೆ ಅಂಗಡಿಗೆ ಹೋದಳು. ಅವನನ್ನು ಕಾಯಿಸೋಣ, ಸತಾಯಿಸೋಣ, ಕಿಟಕಿ ಸರಿಯಾದ ಮೇಲೆ ಹೂಂ ಎನ್ನೋಣ ಎಂದುಕೊಂಡಿದ್ದಳು. ಅವನು ಮತ್ತೆ ಕೇಳಲಿಲ್ಲ. ಕೇಳಲಿ ಎಂದು ಅವಳು ಕಾದಳು. ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಅವನು ಡಿಪೋದಲ್ಲಿ ಬಸ್ಸನ್ನು ಸರಿಯಾದ ಗೆರೆಯೊಳಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗಿನ ಮೇಲೆ ತಲೆಯಿಟ್ಟವನು ಏಳಲಿಲ್ಲ.

ಅವನನ್ನು ಕಳಿಸಿಕೊಟ್ಟ ದಿನ, ಮನೆ ತುಂಬಾ ಜನರಿದ್ದಾಗ, ಅವಳು ತಲೆ ತಲೆ ಚಚ್ಚಿಕೊಂಡು ಅಳುತ್ತಾ, “ಈ ವರ್ಷ ನಾನು ಹೂಂ ಅನ್ನಲೇ ಇಲ್ಲ, ಹೂಂ ಅನ್ನಲೇ ಇಲ್ಲ,” ಎಂದಿದ್ದಳು. ಸಮಾಧಾನ ಹೇಳಲು ಬಂದಿದ್ದ ಮಾಲೀಕರು ಅದನ್ನು ಕೇಳಿಸಿಕೊಂಡಿದ್ದರು. ಆಗ ಅವರ ಕಣ್ಣಲ್ಲೂ ನೀರು ಬಂದಿತ್ತು, ಅದು ಸುಳ್ಳಲ್ಲ. ಕಣ್ಣೀರು ಆರಿದ ಮೇಲೆ ಅದೇ ಮಾತು ಬೇರೆ ಥರ ಕೇಳಿಸಿದ್ದೂ ಸುಳ್ಳಲ್ಲ.

“ಚಿಕ್ಕಮ್ಮ, ನೀನು ಗಾಬರಿ ಆಗ್ಬೇಡ,” ಎಂದಳು ಅಕ್ಕನ ಮಗಳು. ಅವಳು ವಕೀಲೆ. ಕರಿ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಊಟದ ಮೇಜಿನ ಮುಂದೆ ಕೂತಿದ್ದಳು. ಎದುರಿಗೆ ಅವಳಮ್ಮ, ಅಂದರೆ ಅದೇ ಅಕ್ಕ. “ಮದುವೆ ಆಗದೆ ಒಟ್ಟಿಗೆ ಇರೋದು ತಪ್ಪೇನಲ್ಲ. ಮನೆ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಬಾಡಿಗೆದಾರ ತೀರಿಕೊಂಡ್ರೆ, ಅವರ ಜೊತೆ ಗಂಡ-ಹೆಂಡ್ತಿ ಥರ ಒಂದೇ ಸಂಸಾರ ಮಾಡ್ಕೊಂಡು ಕೊನೇವರೆಗೂ ಇದ್ದವರಿಗೆ ಆ ಮನೇಲಿ ಮುಂದುವರಿಯೋ ಹಕ್ಕಿದೆ. ಚಿಕ್ಕಪ್ಪನ ಪಿಂಚಣಿ ನಿಂಗೆ ಬರಲ್ಲ, ಅದನ್ನ ಮರೆತುಬಿಡು. ಮನೆ ಉಳಿಸ್ಕೋಬಹುದು.”

“ಹಾಗಾದ್ರೆ ಮುಗೀತಲ್ಲ?”

“ಮುಗೀಲಿಲ್ಲ. ಮದುವೆ ಆದೋರು ಏನೂ ತೋರಿಸ್ಬೇಕಿಲ್ಲ. ವರ್ಷಗಟ್ಟಲೆ ಮಾತು ಬಿಟ್ಟಿದ್ರೂ ಗಂಡ-ಹೆಂಡ್ತಿನೇ. ನೀವು ಪ್ರೀತಿಯಿಂದ ಇದ್ರೂ, ಹೌದು ಇದ್ವಿ ಅಂತ ತೋರಿಸ್ಬೇಕು. ಅಲ್ಲೇ ಮಾಲೀಕರು ಕೊಕ್ಕೆ ಹಾಕಿರೋದು. ಇವರದ್ದು ವರ್ಷ ವರ್ಷದ ಕರಾರು, ಕೊನೇ ವರ್ಷ ಕರಾರು ಆಗಲೇ ಇಲ್ಲ, ಆದ್ದರಿಂದ ಅವನು ಸಾಯೋ ಹೊತ್ತಿಗೆ ಇವರದ್ದು ಸಂಸಾರ ಅಲ್ಲ, ಸುಮ್ನೆ ಒಂದೇ ಮನೇಲಿ ಇದ್ದ ಇಬ್ಬರು ಅಂತ. ಕರಾರಿನ ವಿಷಯ ಅವರಿಗೆ ಹೇಗೆ ಗೊತ್ತಾಯ್ತು?”

“ಹೇಗೆ ಅಂದ್ರೆ?” ಎಂದಳು ಕನ್ನಡಕದಮ್ಮ. “ನಿನ್ನ ಚಿಕ್ಕಪ್ಪ ಬಸ್ಸು ಹತ್ತಿದೋರಿಗೆಲ್ಲ ಹೇಳ್ತಿದ್ದನಲ್ಲ. ‘ನಮ್ಮ ಮೇಡಂ ಈ ವರ್ಷನೂ ಪಾಸ್ ಮಾಡಿದ್ರು’ ಅಂತ ಸ್ಟಾಪಿಗೊಂದು ಸಲ.”

ಅಕ್ಕ ತಲೆ ಚಚ್ಚಿಕೊಂಡಳು. “ಬಡ್ಕೊಂಡೆ ನಾನು, ಮದುವೆ ಆಗ್ರೇ, ಆಗ್ರೇ ಅಂತ. ಆಟ ಆಡಿದ್ರಿ ಇಬ್ರೂ. ಈಗ ನೋಡು.” ಆಮೇಲೆ ಮೇಜಿನ ಮೇಲೆ ಬಾಗಿ ದನಿ ಇಳಿಸಿದಳು. “ಹೂಂ ಅಂದೆ ಅಂತ ಹೇಳಿಬಿಡೇ. ಯಾರು ಕೇಳಿಸ್ಕೊಂಡಿದಾರೆ? ನೀನು, ಅವನು. ಅವನೇನು ಬಂದು ಇಲ್ಲ ಅಂತಾನಾ?”

“ಅಮ್ಮ, ನಾನಿಲ್ಲಿ ಕೂತಿದೀನಿ,” ಎಂದಳು ವಕೀಲೆ. “ಆ ಮಾತು ನನ್ನ ಕಿವಿಗೆ ಬೀಳಬಾರದು. ಚಿಕ್ಕಮ್ಮ, ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಇದ್ದದ್ದು ಹೇಳು.”

ಕನ್ನಡಕದಮ್ಮ ಕಿಟಕಿಯ ಕಡೆ ನೋಡಿದಳು. ಅದು ಜೋತುಬಿದ್ದು ಗಾಳಿಗೆ ಕಿರ್ ಎನ್ನುತ್ತಿತ್ತು. “ಅವನು ಕೇಳಿದಾಗ ಅನ್ನಲಿಲ್ಲ ಅಕ್ಕ. ಈಗ ಕಚೇರಿಯವರ ಮುಂದೆ ಅಂದೆ ಅಂತ ಹೇಳಿದ್ರೆ, ಅದು ಯಾರಿಗೆ ಅಂದ ಹಾಗಾಯ್ತು?”

ಅಕ್ಕ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು, ಬೇಕಾದ್ದಕ್ಕಿಂತ ಜೋರಾಗಿ.

ಮನೆ ಹೋಗುತ್ತದೆಂಬ ಸಂಕಟ ಒಂದಾದರೆ, ಕನ್ನಡಕದಮ್ಮನಿಗೆ ಯಾರಿಗೂ ಹೇಳಲಾಗದ ಇನ್ನೊಂದು ಸಂಕಟವಿತ್ತು. ಮಾಲೀಕರು ಹೇಳುವುದೇ ನಿಜವಾದರೆ? ಉತ್ತರ ಸಿಗದೆ ಅವನು ಹೋದನೇ? ಆ ಕೊನೆಯ ವಾರಗಳಲ್ಲಿ ಅವನು, ಇವಳು ಹೊರಡುತ್ತಾಳೋ ಏನೋ ಎಂದುಕೊಂಡೇ ಬಸ್ಸು ಓಡಿಸಿದನೇ? ಮನೆ ಸಿಕ್ಕರೂ ಈ ಪ್ರಶ್ನೆಯ ಜೊತೆ ಅಲ್ಲಿ ಇರುವುದು ಹೇಗೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಬಾಡಿಗೆ ತಕರಾರು ಕಚೇರಿ ಎಂದರೆ ದೊಡ್ಡ ನ್ಯಾಯಾಲಯವೇನಲ್ಲ. ಉದ್ದನೆಯ ಮೇಜು, ಸುತ್ತ ಒಂದಕ್ಕೊಂದು ಹೊಂದದ ಕುರ್ಚಿಗಳು, ಮೂಲೆಯಲ್ಲಿ ನೀರಿನ ಕ್ಯಾನು, ಗೋಡೆಯಲ್ಲಿ ನಿಂತುಹೋದ ಗಡಿಯಾರ. ಮೇಜಿನ ತುದಿಯಲ್ಲಿ ಅಧಿಕಾರಿ ಮೇಡಂ ಕೂತಿದ್ದರು. ಅವರ ಕನ್ನಡಕ ಮಾತಿಗೊಮ್ಮೆ ಮೂಗಿನ ತುದಿಗೆ ಜಾರುತ್ತಿತ್ತು, ಮಾತಿಗೊಮ್ಮೆ ಅವರು ಅದನ್ನು ಮೇಲಕ್ಕೆ ತಳ್ಳುತ್ತಿದ್ದರು. ಎಡಗಡೆಯ ಸ್ಕ್ರೂ ಒಂದು ಸುತ್ತು ಬಿಗಿಯಬೇಕು, ಅಷ್ಟೆ. ಬದುಕೇ ಮಗುಚಿಕೊಳ್ಳುವ ಹೊತ್ತಿನಲ್ಲೂ ಕನ್ನಡಕದಮ್ಮನ ಬೆರಳುಗಳು ತುರಿಸುತ್ತಿದ್ದವು.

ಆಗ ಮಾಲೀಕರು ತಮ್ಮ ಸಾಕ್ಷಿಯನ್ನು ಕರೆತಂದರು. ಇಸ್ತ್ರಿ ಮಾಡಿದ ಬಟ್ಟೆ, ಬಿಗಿದ ತುಟಿ, ಕೈಯಲ್ಲಿ ಛತ್ರಿ. ಹೆಡ್ಮಿಸ್!

“ಆಯ್ತು ಕತೆ,” ಎಂದು ಅಕ್ಕ ಹಿಂದಿನ ಕುರ್ಚಿಯಿಂದ ಪಿಸುಗುಟ್ಟಿದಳು.

ಮಾಲೀಕರು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡು, “ಮೇಡಂ, ಇವರಿಬ್ಬರದ್ದು ವರ್ಷದ ಕರಾರು ಅಂತ ಊರಿಗೇ ಗೊತ್ತು. ಕೊನೇ ವರ್ಷ ಇವಳು ಒಪ್ಪಲಿಲ್ಲ. ಇವಳನ್ನೇ ಕೇಳಿ ಬೇಕಾದ್ರೆ,” ಎಂದರು.

ಅಧಿಕಾರಿ ಕನ್ನಡಕ ಮೇಲೆ ತಳ್ಳಿ ಇವಳ ಕಡೆ ತಿರುಗಿದರು. “ಹೌದಾ? ಅವರು ಕೇಳಿದ್ರಾ?”

“ಕೇಳಿದ.”

“ನೀವು ಏನಂದ್ರಿ?”

ಅಕ್ಕ ಹಿಂದಿನಿಂದ ಕುರ್ಚಿಯನ್ನು ಕಾಲಲ್ಲಿ ಒದ್ದಳು. ಅಕ್ಕನ ಮಗಳು ಕಣ್ಣು ಮುಚ್ಚಿಕೊಂಡಳು.

“ಏನೂ ಅನ್ನಲಿಲ್ಲ,” ಎಂದಳು ಕನ್ನಡಕದಮ್ಮ. “ಸಿಟ್ಟು ಬಂದಿತ್ತು. ಕಿಟಕಿ ರಿಪೇರಿ ಮಾಡಿರಲಿಲ್ಲ. ಆಮೇಲೆ ಅಂದ್ರಾಯ್ತು ಅಂದ್ಕೊಂಡೆ. ಆಮೇಲೆ ಅನ್ನೋದು ಬರಲಿಲ್ಲ.”

ಮಾಲೀಕರಿಗೂ ಗೆದ್ದ ಖುಷಿ ಮುಖದ ಮೇಲೆ ಸರಿಯಾಗಿ ಕೂರಲಿಲ್ಲ. ಆದರೂ ಹಿಡಿದ ಪಟ್ಟು ಬಿಡದೆ, “ಇನ್ನು ಇವರು ಕೆಳಗಿನ ಮನೆಯವರು. ಅವರಿಬ್ಬರ ವಿಷಯ ಇವರಿಗಿಂತ ಚೆನ್ನಾಗಿ ಗೊತ್ತಿರೋರು ಯಾರೂ ಇಲ್ಲ. ವರ್ಷಗಳಿಂದ ನನ್ನ ಹತ್ರ ದೂರು ಹೇಳ್ತಾನೇ ಇದಾರೆ. ಹೇಳಿ ಮಿಸ್,” ಎಂದರು.

“ನೀನು ಮೊದಲು ಕೂತ್ಕೋ,” ಎಂದರು ಹೆಡ್ಮಿಸ್. “ಐದನೇ ಕ್ಲಾಸಲ್ಲೂ ಹೀಗೇ, ಕೇಳದೇ ಎದ್ದು ನಿಲ್ಲೋದು.”

ಮಾಲೀಕರು ಕೂತರು. ಅಧಿಕಾರಿ ಮೇಡಂ ಕೂಡ ಬೆನ್ನು ಸ್ವಲ್ಪ ನೆಟ್ಟಗೆ ಮಾಡಿಕೊಂಡರು.

“ನನ್ನನ್ನ ಕರೆದಿದ್ದು ಇವನು. ಆದ್ರೆ ನಾನು ಇವನ ಪರನೂ ಅಲ್ಲ, ಅವಳ ಪರನೂ ಅಲ್ಲ,” ಎಂದು ಹೆಡ್ಮಿಸ್ ಛತ್ರಿಯನ್ನು ಮೇಜಿನ ಮೇಲಿಟ್ಟರು. “ಈ ಇಬ್ಬರಿಂದ ನಾನು ಒಂದು ದಿನ ನೆಮ್ಮದಿಯಾಗಿ ಪೇಪರ್ ಓದಿಲ್ಲ. ಅವನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸೀಟಿ ಹೊಡೀತಾ ಹಲ್ಲುಜ್ಜೋನು. ಹಲ್ಲುಜ್ಜುತ್ತಾ ಸೀಟಿ ಹೇಗೆ ಹೊಡೀತಾರೆ ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ. ಇವಳು ‘ಬಿಸಿನೀರು ಮುಗಿಸ್ಬೇಡ’ ಅಂತ ಕೂಗೋಳು. ಸಂಜೆ ಬಂದ್ರೆ ಟವೆಲ್ ಜಗಳ. ಟವೆಲ್ ಮುಗಿದ್ರೆ ಸಾರಿಗೆ ಉಪ್ಪು ಹೆಚ್ಚಾಯ್ತು ಅಂತ ಜಗಳ. ಅವನಿಗೆ ಜ್ವರ ಬಂದಾಗ ಇವಳು ರಾತ್ರಿಯೆಲ್ಲ ಓಡಾಡಿದ ಸದ್ದಿಗೆ ನಾನೂ ನಿದ್ದೆ ಕೆಟ್ಟಿದೀನಿ. ಇವಳ ಅಪ್ಪ ತೀರಿಕೊಂಡಾಗ ಇವಳು ಅಡುಗೆಮನೇಲಿ ಕೂತು ಅಳ್ತಿದ್ಲು, ಅವನು ಬಂದು ಏನೂ ಮಾತಾಡದೆ ಪಾತ್ರೆ ತೊಳೆದ. ನೀರು ಬೀಳೋ ಸದ್ದು ಎಷ್ಟೋ ಹೊತ್ತು ಕೇಳ್ತಿತ್ತು. ಅಷ್ಟೊಂದು ಪಾತ್ರೆ ಆ ಮನೇಲಿ ಇಲ್ಲ.”

ಕನ್ನಡಕದಮ್ಮ ತಲೆ ತಗ್ಗಿಸಿದಳು. ಆ ಸಂಜೆ ಅವಳಿಗೆ ನೆನಪಿತ್ತು. ಅವನು ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ.

“ಹಾಗಾದ್ರೆ ಅವರು ಗಂಡ-ಹೆಂಡತಿ ಥರ ಇದ್ದರು ಅಂತೀರಾ?” ಎಂದು ಅಧಿಕಾರಿ ಕೇಳಿದರು.

“ಆ ಥರ ಇರದೇ ಇದ್ದಿದ್ರೆ ನಂಗೆ ಇಷ್ಟು ತಲೆನೋವು ಯಾಕೆ ಬರ್ತಿತ್ತು? ಗೆಳೆಯರು ಟವೆಲ್ಲಿಗೆ ಈ ಪಾಟಿ ಜಗಳ ಆಡ್ತಾರಾ?”

ಮಾಲೀಕರು ಕುರ್ಚಿಯಲ್ಲೇ ಚಡಪಡಿಸಿದರು. ಬೇಳೆ ಬೇಯುವಂತೆ ಕಾಣಲಿಲ್ಲ. “ಮಿಸ್, ಕೊನೇ ವರ್ಷದ್ದು ಹೇಳಿ. ಕರಾರು ಆಯ್ತಾ ಇಲ್ವಾ? ಇವಳೇ ಒಪ್ಕೊಂಡಿದಾಳಲ್ಲ, ಹೂಂ ಅನ್ನಲಿಲ್ಲ ಅಂತ.”

“ಇವಳಿಗೇನು ಗೊತ್ತು?” ಎಂದರು ಹೆಡ್ಮಿಸ್.

ಕನ್ನಡಕದಮ್ಮ ತಲೆಯೆತ್ತಿದಳು.

“ಬೆಳಿಗ್ಗೆ ಅವನು ಕೇಳಿದ. ಇವಳು ಮಾತಾಡಲಿಲ್ಲ. ಬಾಗಿಲು ಧಡಾರಂತ ಹಾಕ್ಕೊಂಡು ಹೋದ್ಲು, ನನ್ನ ಗೋಡೆ ಮೇಲಿನ ಕನ್ನಡಿ ಅಲ್ಲಾಡಿತು. ಅದು ನಿಜ. ಆದ್ರೆ ಸಂಜೆ ಮತ್ತೆ ಮಳೆ ಬಂತು. ಇವಳು ಕಿಟಕಿ ಎಳೆಯೋಕೆ ಒದ್ದಾಡ್ತಾ, ಇಡೀ ಬೀದಿಗೆ ಕೇಳೋ ಹಾಗೆ ಏನು ಕೂಗಿದ್ಲು ಗೊತ್ತಾ? ನಾನು ಕೆಳಗೆ ಟೀ ಸೋಸ್ತಾ ಇದ್ದೆ, ಒಂದಕ್ಷರ ಬಿಡದೆ ಕೇಳಿದೀನಿ. ‘ಬರೋ ವರ್ಷ ಮಳೆಗಾಲಕ್ಕೂ ಈ ಕಿಟಕಿ ಹಿಂಗೇ ಇದ್ರೆ ನಾನಂತೂ ನೆಲ ಒರೆಸಲ್ಲ, ನೀನೇ ಒರೆಸ್ಕೋ. ಅದರ ಮುಂದಿನ ವರ್ಷನೂ ನೀನೇ ಒರೆಸು!’” ಹೆಡ್ಮಿಸ್ ಸುತ್ತ ಒಮ್ಮೆ ನೋಡಿದರು, ಕೊನೆಯ ಬೆಂಚಿಗೂ ತಿಳಿಯಿತೇ ಎಂಬಂತೆ. “ಬಿಟ್ಟು ಹೋಗೋಳು ಅದರ ಮುಂದಿನ ವರ್ಷದ ನೆಲದ ಮಾತು ಯಾಕೆ ಆಡ್ತಾಳೆ?”

ಅಕ್ಕ ಹಿಂದಿನಿಂದ “ಅಯ್ಯೋ” ಎಂದಳು. ಅಧಿಕಾರಿಯ ಕನ್ನಡಕ ಜಾರಿತು, ಅವರು ತಳ್ಳಿಕೊಳ್ಳಲಿಲ್ಲ.

“ಹೇಳಿ ಮುಗಿಸ್ತೀನಿ,” ಎಂದರು ಹೆಡ್ಮಿಸ್. ದನಿ ಮೊದಲಿನಷ್ಟೇ ಗಡುಸಾಗಿತ್ತು, ಆದರೆ ನಿಧಾನವಾಗಿತ್ತು. “ಇವಳು ಕೂಗಿ ಬಚ್ಚಲಿಗೆ ಹೋದ್ಲು. ನಲ್ಲಿ ಬಿಟ್ಲು. ಅವನು ಕಿಟಕಿ ಹತ್ರ ಬಂದು ನಿಂತ. ನಕ್ಕ. ಒಬ್ಬನೇ ನಗ್ತಾನೇ ಇದ್ದ. ಆಮೇಲೆ ‘ಸಹಿ ಬಿತ್ತು’ ಅಂದ.”

ತಾನು ಕೂಗಿದ್ದ ಆ ಮಾತು ಕನ್ನಡಕದಮ್ಮನಿಗೇ ನೆನಪಿರಲಿಲ್ಲ. ಸಿಟ್ಟಲ್ಲಿ ಆಡಿದ ಸಾವಿರ ಮಾತುಗಳಲ್ಲಿ ಅದೂ ಒಂದು. ಆದರೆ ಅವನು ಕಿಟಕಿಯ ಬಳಿ ನಿಂತು ಗಾಳಿಯಲ್ಲಿ ಬೆರಳಾಡಿಸಿರುವುದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಅವನು ಕಾಯುತ್ತಿರಲಿಲ್ಲ. ಅವನಿಗೆ ಅಂದೇ ಸಂಜೆ ಉತ್ತರ ಸಿಕ್ಕಿತ್ತು. ಅದಕ್ಕೇ ಮತ್ತೆ ಕೇಳಲಿಲ್ಲ ಆ ಕಳ್ಳ. ಆ ವಾರಗಳೆಲ್ಲ ಅವನು ಸೀಟಿ ಹೊಡೆಯುತ್ತಾ ಹಲ್ಲುಜ್ಜುತ್ತಿದ್ದನಲ್ಲ, ತನಗೇಕೆ ಅದು ಹೊಳೆಯಲಿಲ್ಲ ಎಂದು ಅವಳು ಅಳುತ್ತಾ, ಅಳುವಿನ ನಡುವೆಯೇ ನಕ್ಕಳು. ಅಕ್ಕನ ಮಗಳು ವಕೀಲಿಕೆ ಮರೆತು ಚಿಕ್ಕಮ್ಮನ ಕೈ ಹಿಡಿದುಕೊಂಡಳು.

ಅಧಿಕಾರಿ ಬರೆಯುವುದನ್ನು ಬರೆದರು. ಇಬ್ಬರೂ ಕೊನೆಯವರೆಗೂ ಒಂದೇ ಸಂಸಾರವಾಗಿ ಬಾಳಿದ್ದಾರೆ, ಮನೆಯಲ್ಲಿ ಮುಂದುವರಿಯುವ ಹಕ್ಕು ಇವರಿಗಿದೆ, ಬಾಡಿಗೆ ಪತ್ರ ಇವರ ಹೆಸರಿಗೆ ಆಗಬೇಕು ಎಂದು ಓದಿ ಹೇಳಿದರು. ಆಮೇಲೆ ಮಾಲೀಕರ ಕಡೆ ತಿರುಗಿ, “ಅಂದ ಹಾಗೆ, ಕಿಟಕಿ ರಿಪೇರಿ ಮಾಡಿಸೋದು ಬಾಡಿಗೆದಾರರ ಕೆಲಸ ಅಲ್ಲ. ನಿಮ್ಮದು,” ಎಂದರು.

ಮಾಲೀಕರು ಹೊರಗೆ ಬಂದು ಕನ್ನಡಕದಮ್ಮನ ಮುಂದೆ ಪೆಚ್ಚಾಗಿ ನಿಂತರು. ಅವಳು ಅವರ ಮೂಗಿನ ಮೇಲಿಂದ ಕನ್ನಡಕ ತೆಗೆದು, ಎಡಗಡೆಯ ಕಡ್ಡಿಯನ್ನು ಒಂಚೂರು ಬಗ್ಗಿಸಿ, ವಾಪಸು ಕೂರಿಸಿದಳು. “ಮಗನಿಗೆ ಬೇರೆ ಮನೆ ನೋಡಿ ಸಾರ್,” ಎಂದಳು. ಅವರು ತಲೆಯಾಡಿಸಿದರು.

ಮನೆಯ ಮೆಟ್ಟಿಲು ಹತ್ತುವಾಗ ಹೆಡ್ಮಿಸ್ ಮುಂದೆ, ಅವಳು ಹಿಂದೆ. ಹೆಡ್ಮಿಸ್ ತಮ್ಮ ಬಾಗಿಲಿಗೆ ಬೀಗದ ಕೈ ಹಾಕಿದಾಗ ಅವಳಿಗೆ ತಡೆಯಲಾಗಲಿಲ್ಲ.

“ಮಿಸ್, ಅವನು ನಿಜವಾಗ್ಲೂ ಹಾಗಂದನಾ?”

“ನಾನು ಸುಳ್ಳು ಹೇಳೋಳಲ್ಲ.”

“ಅದಲ್ಲ ಮಿಸ್. ಹೇಗೆ ಅಂದ? ಯಾವ ದನೀಲಿ?”

ಹೆಡ್ಮಿಸ್ ಅತ್ತಿತ್ತ ನೋಡಿದರು. ಮೆಟ್ಟಿಲಲ್ಲಿ ಬೇರೆ ಯಾರೂ ಇರಲಿಲ್ಲ. ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿ, ಗಂಟಲು ದಪ್ಪ ಮಾಡಿ, ತಮ್ಮ ಇಡೀ ಜನ್ಮದಲ್ಲಿ ಯಾರ ಮುಂದೆಯೂ ಮಾಡಿರದ ಕೆಲಸ ಮಾಡಿದರು. “ಸಹಿ ಬಿತ್ತೂ,” ಎಂದರು, ಕೊನೆಯನ್ನು ಸ್ವಲ್ಪ ಎಳೆದು, ಬಸ್ಸಿನವರು ಸ್ಟಾಪಿನ ಹೆಸರು ಕೂಗುವ ಹಾಗೆ.

ಅದು ಅವನದೇ ಎಳೆತ. ಕನ್ನಡಕದಮ್ಮ ಗೋಡೆಗೆ ಒರಗಿದಳು.

“ಮೇಲಿನ ಮನೇಲಿ ಸದ್ದೇ ಇಲ್ಲ ಈಗ,” ಎಂದರು ಹೆಡ್ಮಿಸ್, ಬಾಗಿಲ ಕಡೆ ನೋಡುತ್ತಾ. “ಪೇಪರು ಬೇಗ ಓದಿ ಮುಗಿದುಹೋಗುತ್ತೆ. ಕಿಟಕಿ ರಿಪೇರಿಗೆ ಅವಸರ ಏನಿಲ್ಲ.” ಎಂದವರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವಳು ಮೇಲೆ ಬಂದು ದೀಪ ಹಾಕಿದಳು. ಒಲೆ ಮೇಲೆ ಟೀ ಇಟ್ಟಳು. ಅವನ ಟವೆಲ್ ಇನ್ನೂ ಬಾಗಿಲ ಹಿಂದೆಯೇ ಇತ್ತು, ಒಣಗಿ ಗರಿಗರಿಯಾಗಿತ್ತು. ಅದನ್ನು ತೆಗೆದು ಮಂಚದ ಮೇಲೆ ಬಿಸಾಡಿದಳು. ಬಿದ್ದಿರಲಿ ಒಂದು ದಿನ. ಆಮೇಲೆ ಮತ್ತೆ ಅಡುಗೆಮನೆಗೆ ಹೋಗಿ, ಜೋತುಬಿದ್ದ ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದು, ಹೊರಗೆ ತಲೆ ಹಾಕಿ, ಬೀದಿಗೆಲ್ಲ ಕೇಳುವಂತೆ, “ಹೂಂ!” ಎಂದಳು.

ಕೆಳಗಿನಿಂದ ಪೊರಕೆಯ ಕೋಲು ಸೂರಿಗೆ ಒಂದೇ ಒಂದು ಸಲ ಬಡಿಯಿತು.

“ಕೇಳಿಸ್ತು, ಕೇಳಿಸ್ತು,” ಎಂದರು ಹೆಡ್ಮಿಸ್. “ನಿನ್ನ ಟೀ ಉಕ್ತಾ ಇದೆ, ಹೋಗಿ ನೋಡು.”